ಮೈಸೂರು ಪಾಕ್ ಸರಿ, ಮದ್ದೂರು ವಡೆ ಸರಿ, ಮುದ್ದೆ ಎಲ್ಲಿ?

ಹೊರಗಿನಿಂದ ಬಂದವರು "ನಿಮ್ಮ ಕಡೆ ತಿನ್ನೋಕೆ ಏನು ಫೇಮಸ್ಸು?" ಅಂತ ಕೇಳಿದರೆ ಮೈಸೂರಿನವರೂ ಮಂಡ್ಯದವರೂ ಒಂದೇ ಉತ್ತರ ಕೊಡುತ್ತಾರೆ. ಮೈಸೂರು ಪಾಕ್, ಮೈಲಾರಿ ದೋಸೆ, ಮದ್ದೂರು ವಡೆ. ಸ್ವಲ್ಪ ಮಾತುಗಾರರಾದರೆ ನಂಜನಗೂಡು ರಸಬಾಳೆಯನ್ನೂ ಸೇರಿಸುತ್ತಾರೆ. ಅಲ್ಲಿಗೆ ಪಟ್ಟಿ ಮುಗಿಯಿತು. ನಾನು ಮಂಡ್ಯ ಕಡೆ ಹಳ್ಳಿಯವನು, ಕೆಲಸ ಮೈಸೂರಲ್ಲಿ. ಎರಡೂ ಕಡೆಯ ಅನ್ನ ತಿಂದವನಾಗಿ ಹೇಳುತ್ತೇನೆ, ಈ ಪಟ್ಟಿ ಅರ್ಧಂಬರ್ಧ. ನಾವು ದಿನಾ ಮನೆಯಲ್ಲಿ ಉಣ್ಣುವುದು ಇದರಲ್ಲಿ ಒಂದೂ ಇಲ್ಲ.

ಹಾಗಂತ ಆ ಮೂರನ್ನು ಕೀಳು ಮಾಡುತ್ತಿಲ್ಲ. ಅವುಗಳ ಮರ್ಯಾದೆ ಅವಕ್ಕಿದೆ.

ಮೈಸೂರು ಪಾಕ್ ಅರಮನೆಯ ಅಡುಗೆಮನೆಯಿಂದ ಬಂದದ್ದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಬಾಣಸಿಗ ಕಾಕಾಸುರ ಮಾದಪ್ಪ ಕಡಲೆಹಿಟ್ಟು, ತುಪ್ಪ, ಸಕ್ಕರೆ ಸೇರಿಸಿ ಮಾಡಿದರು ಅನ್ನುವ ಕಥೆ ಎಲ್ಲರಿಗೂ ಗೊತ್ತು. ಅವರ ಮನೆತನದವರು ನಡೆಸುವ ಗುರು ಸ್ವೀಟ್ ಮಾರ್ಟ್ ಇವತ್ತಿಗೂ ಸಯ್ಯಾಜಿರಾವ್ ರಸ್ತೆಯಲ್ಲಿ, ದೇವರಾಜ ಮಾರುಕಟ್ಟೆ ಪಕ್ಕದಲ್ಲಿದೆ. ಸಣ್ಣ ಅಂಗಡಿ, ದೊಡ್ಡ ಹೆಸರು. ಈಗ ಎಲ್ಲೆಲ್ಲೂ ಬಾಯಿಗಿಟ್ಟರೆ ಕರಗುವ ಮೆತ್ತನೆ ಪಾಕ್ ಓಡುತ್ತಿದೆ. ನನಗೆ ಮಾತ್ರ ಹಳೆಯ ಗಟ್ಟಿ ಪಾಕೇ ಇಷ್ಟ. ಕುದಿಯುವ ತುಪ್ಪ ಬೀಳುತ್ತಿದ್ದ ಹಾಗೆ ಹಿಟ್ಟು ಉಬ್ಬಿ, ಮೈತುಂಬ ತೂತು ಬಿದ್ದು, ನಡುವೆ ಒಂಚೂರು ಕೆಂಪಾಗಿರುತ್ತಲ್ಲ, ಅದು. ಹಲ್ಲಿಗೆ ಸ್ವಲ್ಪ ಕೆಲಸ ಬೇಕು ಸ್ವಾಮಿ.

ಮೈಲಾರಿ ನಜರ್‌ಬಾದಿನಲ್ಲಿದೆ. ಒಂದೇ ಬೀದಿಯಲ್ಲಿ ಅದೇ ಹೆಸರಿನ ಎರಡು ಹೋಟೆಲ್. ಯಾವುದು ಅಸಲಿ ಅನ್ನುವ ಜಗಳಕ್ಕೆ ನಾನು ಬರಲ್ಲ, ಕಾಮೆಂಟಲ್ಲಿ ನೀವೇ ಮಾಡಿಕೊಳ್ಳಿ. ಆ ದೋಸೆ ಗರಿಗರಿ ಅಲ್ಲ. ಹತ್ತಿಯಂತೆ ಮೆತ್ತಗಿರುತ್ತದೆ. ಒಳಗೆ ಸಾಗು, ಮೇಲೆ ಬೆಣ್ಣೆ, ಪಕ್ಕದಲ್ಲಿ ಕಾಯಿ ಚಟ್ನಿ. ಬೇರೆ ಊರಿನ ಹೋಟೆಲ್‌ಗಳಲ್ಲಿ ಕೆಂಪು ಚಟ್ನಿ ಸವರಿ ಕೊಡುವ 'ಮೈಸೂರು ಮಸಾಲೆ'ಗೂ ಇದಕ್ಕೂ ಸಂಬಂಧವೇ ಇಲ್ಲ. ಗರಿಗರಿ ಮಸಾಲೆಯೇ ಬೇಕು ಅನ್ನುವವರು ಚಾಮುಂಡಿಪುರಂನ ಗಾಯತ್ರಿ ಟಿಫಿನ್ ರೂಮಿಗೆ ಹೋಗುತ್ತಾರೆ. ಭಾನುವಾರ ಬೆಳಗ್ಗೆ ಹೋದರೆ ಟೇಬಲ್ ಪಕ್ಕದಲ್ಲೇ ನಿಂತು ಕಾಯಬೇಕು. ತಿನ್ನುತ್ತಿರುವವರ ತಟ್ಟೆ ನೋಡುತ್ತಾ ನಿಲ್ಲುವುದು ಇಬ್ಬರಿಗೂ ಮುಜುಗರ, ಆದರೂ ಎಲ್ಲರೂ ನಿಲ್ಲುತ್ತೇವೆ.

ಮದ್ದೂರು ವಡೆ ರೈಲಿನದ್ದು. 1917ರಲ್ಲಿ ಮದ್ದೂರು ಸ್ಟೇಷನ್ನಿನಲ್ಲಿ ರಾಮಚಂದ್ರ ಬುದ್ಯ ಅನ್ನುವವರು ಶುರು ಮಾಡಿದರು ಎನ್ನುತ್ತಾರೆ. ಇದರ ಜಾಣತನ ಇರುವುದು ಹಿಟ್ಟಿನಲ್ಲಿ. ನೆನೆಸಿ ರುಬ್ಬಿದ ಬೇಳೆ ಇಲ್ಲ. ಅಕ್ಕಿಹಿಟ್ಟು, ಚಿರೋಟಿ ರವೆ, ಮೈದಾ, ಜೊತೆಗೆ ಕೈತುಂಬ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು. ಕಾದ ಎಣ್ಣೆ ಹಾಕಿ ಕಲಸಿ, ತೆಳ್ಳಗೆ ತಟ್ಟಿ, ಹದ ಉರಿಯಲ್ಲಿ ನಿಧಾನಕ್ಕೆ ಕರಿಯುತ್ತಾರೆ. ಉದ್ದಿನ ವಡೆ ಸಂಜೆಗೆ ಹಳಸಿದರೆ ಇದು ಮಾರನೇ ದಿನಕ್ಕೂ ಕೆಡುವುದಿಲ್ಲ. ರೈಲಿನಲ್ಲಿ ಮಾರುವುದಕ್ಕೆ ಇದಕ್ಕಿಂತ ಒಳ್ಳೆಯ ತಿಂಡಿ ಸಿಗಲ್ಲ. ನನ್ನ ಪ್ರಕಾರ ಬಿಸಿ ವಡೆಗಿಂತ ಆರಿದ ವಡೆಯೇ ರುಚಿ. ಬಿಸಿಯಲ್ಲಿ ಬರೀ ಎಣ್ಣೆ ಗೊತ್ತಾಗುತ್ತದೆ, ಆರಿದ ಮೇಲೆ ಈರುಳ್ಳಿ ಗೊತ್ತಾಗುತ್ತದೆ.

ರಸಬಾಳೆಯ ಕಥೆ ಬೇಸರದ್ದು. ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಸಿಕ್ಕಿದೆ, ಹೆಸರಿದೆ. ಹಣ್ಣೇ ಇಲ್ಲ. ಪನಾಮಾ ಸೊರಗು ರೋಗ ಬಂದು ನಂಜನಗೂಡು ಸುತ್ತಮುತ್ತಲ ತೋಟಗಳೇ ಹೋದವು. ದೇವರಸನಹಳ್ಳಿಯಂಥ ಊರಿನ ರೈತರು ಉಳಿಸಿಕೊಂಡಿದ್ದೇ ಪುಣ್ಯ. ಮಾರುಕಟ್ಟೆಯಲ್ಲಿ ಆ ಹೆಸರು ಹೇಳಿ ಮಾರುವುದೆಲ್ಲ ಅದೇ ಅಂತ ನಂಬಬೇಡಿ.

ಈಗ ನೋಡಿ. ಒಂದು ಅರಮನೆಯಿಂದ ಬಂತು, ಒಂದು ಪೇಟೆಯ ಟಿಫಿನ್ ರೂಮಿನಿಂದ ಬಂತು, ಇನ್ನೊಂದು ರೈಲ್ವೆ ಸ್ಟೇಷನ್ನಿನಿಂದ. ಮೂರೂ ಬಂದು ಹೋಗುವವರಿಗೆ ಕೊಡುವ ತಿಂಡಿಗಳೇ. ಹೊಲದಿಂದ ಬಂದದ್ದು ಎಲ್ಲಿ?

ಕನ್ನಂಬಾಡಿ ಕಟ್ಟೆ ಆಗಿ ನಾಲೆಯಲ್ಲಿ ನೀರು ಹರಿಯುವ ಮುಂಚೆ ಮಂಡ್ಯ ಸೀಮೆ ಬಹುಪಾಲು ಒಣಭೂಮಿ. ರಾಗಿ, ಹುರುಳಿ, ಅವರೆ. ಕಬ್ಬು, ಭತ್ತ ಎಲ್ಲ ಆಮೇಲೆ. ಮೈಶುಗರ್ ಕಾರ್ಖಾನೆ ಬಂದದ್ದು 1933ರಲ್ಲಿ, ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ. ಗದ್ದೆ ಬಂತು, ಅನ್ನ ಬಂತು, ಆಲೆಮನೆ ಬಂತು. ಆದರೂ ರಾತ್ರಿ ಊಟಕ್ಕೆ ಮುದ್ದೆ ಬಿಟ್ಟವರು ಕಡಿಮೆ. ನಮ್ಮ ಊಟದ ಬೇರು ಇನ್ನೂ ಆ ಒಣ ಹೊಲದಲ್ಲೇ ಇದೆ.

ಉಪ್ಸಾರು ತಗೊಳ್ಳಿ. ಕಾಳು, ಸೊಪ್ಪು ಉಪ್ಪು ಹಾಕಿ ಬೇಯಿಸಿ ಕಟ್ಟು ಬಸಿದುಕೊಳ್ಳಬೇಕು. ಬೆಂದ ಸೊಪ್ಪು, ಕಾಳಿಗೆ ಒಗ್ಗರಣೆ ಹಾಕಿದರೆ ಪಲ್ಯ. ಇನ್ನು ಖಾರ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣು, ಉಪ್ಪು ಇಟ್ಟು ನುಣ್ಣಗೆ ಅರೆದದ್ದು. ಅದನ್ನು ತಟ್ಟೆಯ ಅಂಚಿಗೆ ಹಾಕುತ್ತಾರೆ, ಎಷ್ಟು ಬೇಕೋ ಅಷ್ಟು ಕಟ್ಟಿಗೆ ಕದಡಿಕೊಳ್ಳುವುದು ಉಣ್ಣುವವರ ಕೆಲಸ. ಒಂದೇ ಸಾರು, ಮನೆಯ ಪ್ರತಿಯೊಬ್ಬರಿಗೂ ಬೇರೆ ಬೇರೆ ಖಾರ. ಇದೇ ಕಟ್ಟಿಗೆ ಬೆಂದ ಕಾಳಲ್ಲಿ ಸ್ವಲ್ಪ ತೆಗೆದು, ಹುರಿದ ಮಸಾಲೆ, ಕಾಯಿ ಜೊತೆ ರುಬ್ಬಿ ಹಾಕಿ ಕುದಿಸಿದರೆ ಬಸ್ಸಾರು. ಮಾರನೇ ದಿನ ಅದರ ರುಚಿ ಇನ್ನೂ ಜಾಸ್ತಿ. ಚಳಿಗಾಲದಲ್ಲಿ ಸೊಗಡಿನ ಅವರೆಕಾಯಿ ಬಂದರೆ ಹಿತಕಿದ ಬೇಳೆ ಸಾರು. ಮನೆಮಂದಿಯೆಲ್ಲ ಕೂತು ಕಾಳು ಹಿತುಕಬೇಕು, ಆದರೆ ಉಣ್ಣುವುದು ಹತ್ತು ನಿಮಿಷದ ಕೆಲಸ!

ಇವು ಹೋಟೆಲಿಗೆ ಯಾಕೆ ಬರಲಿಲ್ಲ? ಜಾತಿ ಒಂದು ಕಾರಣ, ಮುಚ್ಚಿಡುವುದು ಬೇಡ. ಪೇಟೆಯ ಹಳೆಯ ಟಿಫಿನ್ ರೂಮುಗಳನ್ನು ಯಾರು ನಡೆಸಿದರೋ ಅವರ ಮನೆಯ ತಿಂಡಿಯೇ ಎಲ್ಲರ 'ಹೋಟೆಲ್ ತಿಂಡಿ' ಆಯಿತು. ಆದರೆ ಅದೊಂದೇ ಅಲ್ಲ. ಉಪ್ಸಾರು ನೋಡಕ್ಕೆ ಬರೀ ನೀರು, ಫೋಟೋದಲ್ಲಿ ಚೆನ್ನಾಗಿ ಬರಲ್ಲ. ಮುದ್ದೆಯಂತೂ ಹೋಟೆಲಿನವರಿಗೆ ತಲೆನೋವು. ಎಸರು ಕುದಿಸಿ, ಹಿಟ್ಟು ಸುರಿದು, ಬೇಯಲು ಬಿಟ್ಟು, ಕೋಲು ಹಾಕಿ ತಿರುವಬೇಕು. ನಾಲ್ಕು ಜನರ ಮುದ್ದೆಗೇ ತೋಳು ನೋಯುತ್ತದೆ, ನೂರು ಜನರದ್ದು ಕೇಳಬೇಡಿ. ಗಂಟಾದರೆ ಹೋಯಿತು. ತಿರುವಿ ಕಟ್ಟಿದ ಮೇಲೆ ತುಂಬ ಹೊತ್ತು ಇಡುವ ಹಾಗೂ ಇಲ್ಲ, ಮೇಲ್ಗಡೆ ಒಣಗಿ ಚರ್ಮ ಕಟ್ಟುತ್ತದೆ. ದೋಸೆಯ ಹಾಗೆ ಆರ್ಡರ್ ಬಂದ ಮೇಲೆ ಹುಯ್ಯಲೂ ಆಗಲ್ಲ. ಇನ್ನೂ ಒಂದು ಇದೆ. ಒಂದು ಮುದ್ದೆ ಉಂಡವನು ಎರಡನೇ ಪ್ಲೇಟು ಏನೂ ಕೇಳುವುದಿಲ್ಲ. ಕ್ಯಾಷಿಯರ್‌ಗೆ ಏನು ಲಾಭ?

ಇಷ್ಟೆಲ್ಲ ಕಷ್ಟ ಇದ್ದರೂ ಮುದ್ದೆಗೆ ಜಾಗ ಕೊಟ್ಟದ್ದು ಮಿಲಿಟರಿ ಹೋಟೆಲ್, ಅಂದರೆ ಮಾಂಸದೂಟದ ಹೋಟೆಲ್. ನಮ್ಮ ಕಡೆಯ ಊಟವನ್ನು ದುಡ್ಡು ಕೊಟ್ಟು ಉಣ್ಣುವ ಹಾಗೆ ಮಾಡಿದ್ದು ಅವರೇ. ಮೈಸೂರಲ್ಲಿ ಮಂಡಿ ಮೊಹಲ್ಲಾದ ಹನುಮಂತು ಹೋಟೆಲ್ ಮಟನ್ ಪಲಾವಿಗೆ ಹೆಸರುವಾಸಿ. ಪಲಾವ್ ಅಂದರೆ ಬಿರಿಯಾನಿ ಅಲ್ಲ. ಅಕ್ಕಿ, ಮಾಂಸ ಒಟ್ಟಿಗೆ ಬೆಂದದ್ದು, ಬಣ್ಣ ಇಲ್ಲ, ಘಮಘಮ ಅನ್ನಿಸುವ ಅತ್ತರ್ ಇಲ್ಲ. ಮಂಡ್ಯ, ಮಳವಳ್ಳಿ, ಮದ್ದೂರು ಕಡೆ ಪ್ರತಿ ಊರಲ್ಲೂ ಇಂಥ ಒಂದೆರಡು ಹೋಟೆಲ್ ಇರುತ್ತವೆ, ಬಹಳಷ್ಟಕ್ಕೆ ಸರಿಯಾದ ಬೋರ್ಡೂ ಇರುವುದಿಲ್ಲ. ಬೆಳಗ್ಗೆ ಕಾಲ್ ಸೂಪು. ಮಧ್ಯಾಹ್ನ ಮುದ್ದೆ, ಬೋಟಿ ಗೊಜ್ಜು, ತಲೆಮಾಂಸ, ಕೈಮಾ ಉಂಡೆ, ನಾಟಿಕೋಳಿ ಸಾರು. ಬಡಿಸುವವರು "ಮುದ್ದೆನಾ ಅಣ್ಣ, ಅನ್ನನಾ?" ಅಂತ ಕೇಳುತ್ತಾರೆ. ಮೂರು ಗಂಟೆಗೆ ಪಾತ್ರೆ ಖಾಲಿ, ಬಾಗಿಲು ಅರ್ಧ ಮುಚ್ಚಿರುತ್ತದೆ. ನನಗೆ ಇದೇ ಒಳ್ಳೆ ಹೋಟೆಲಿನ ಗುರುತು. ರಾತ್ರಿ ಹನ್ನೊಂದರವರೆಗೂ ಎಲ್ಲ ಐಟಂ ಇದೆ ಅನ್ನುವ ಕಡೆ ಫ್ರಿಜ್ ದೊಡ್ಡದಿರುತ್ತದೆ, ಅಷ್ಟೇ.

ಈಚೆಗೆ ದೊಡ್ಡ ರಸ್ತೆಗಳ ಬದಿಯಲ್ಲಿ 'ನಾಟಿ ಸ್ಟೈಲ್' ಬೋರ್ಡುಗಳು ಸಾಲಾಗಿ ಎದ್ದಿವೆ. ಹಿತ್ತಾಳೆ ಪಾತ್ರೆ, ಎತ್ತಿನ ಗಾಡಿ ಚಕ್ರ, ಪೇಟ ಕಟ್ಟಿದ ಗೊಂಬೆ. ಅಂಥದ್ದೊಂದರಲ್ಲಿ ನನಗೆ ಬಂದ ಮುದ್ದೆ ಹೊರಗೆ ಸುಡುತ್ತಿತ್ತು, ನಡುವೆ ತಣ್ಣಗಿತ್ತು. ಬೆಳಗಿನದನ್ನು ಬಿಸಿ ಮಾಡಿದ್ದರು. 'ನಾಟಿ' ಕೋಳಿಯ ಮೂಳೆ ಬೆರಳಲ್ಲಿ ಒತ್ತಿದರೆ ಮುರಿಯುತ್ತಿತ್ತು. ಊರು ಸುತ್ತಿ ಬೆಳೆದ ಕೋಳಿಯ ಮೂಳೆ ಹಾಗಿರುತ್ತಾ?

ಕುರಿಯ ವಿಷಯದಲ್ಲೂ ಇದೇ. ಎಲ್ಲಿ ನೋಡಿದರೂ 'ಬನ್ನೂರು ಕುರಿ ಮಾಂಸ'. ಅಸಲಿಗೆ ಅದು ಬಂಡೂರು ಕುರಿ. ಮಳವಳ್ಳಿ ತಾಲ್ಲೂಕಿನ ಬಂಡೂರು ಅದರ ಊರು. ಬನ್ನೂರು ಇರುವುದು ತಿ. ನರಸೀಪುರ ತಾಲ್ಲೂಕಿನಲ್ಲಿ. ಗಿಡ್ಡ ಕಾಲು, ದುಂಡು ಮೈ. ಮಾಂಸದ ಎಳೆ ಎಳೆಯಲ್ಲೂ ಕೊಬ್ಬು ಇಳಿದಿರುತ್ತದೆ, ಅದಕ್ಕೇ ಬೇಯಿಸಿದರೆ ಬೆಣ್ಣೆ. ಶುದ್ಧ ತಳಿ ಈಗ ಬಹಳ ಕಡಿಮೆ, ಇದ್ದರೂ ಮರಿ ಮಾಡಿಸಲು ಒಳ್ಳೆ ಬೆಲೆಗೆ ಹೋಗುತ್ತದೆ. ಬೆಂಗಳೂರಿನ ಬೋರ್ಡುಗಳಿಗೆಲ್ಲ ಸಾಲುವಷ್ಟು ಬಂಡೂರು ಕುರಿ ಎಲ್ಲಿಂದ ಬರಬೇಕು?

ಹೈವೇ ಮಾತು ಬಂತಲ್ಲ. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲದಕ್ಕೂ ಬೈಪಾಸ್. ಬಿಡದಿ ತಟ್ಟೆ ಇಡ್ಲಿಗೆ, ಮದ್ದೂರು ವಡೆಗೆ ಕಾರು ನಿಲ್ಲಿಸುತ್ತಿದ್ದವರು ಈಗ ಆ ಊರುಗಳ ಪಕ್ಕದಲ್ಲೇ ಹಾರಿಹೋಗುತ್ತಾರೆ. ಹಳೆ ರಸ್ತೆಯ ಹೋಟೆಲಿನವರಿಗೆ ದೊಡ್ಡ ಪೆಟ್ಟು ಬಿತ್ತು. ಆದರೆ ಪೇಟೆಯೊಳಗಿನ ಮುದ್ದೆ ಹೋಟೆಲಿಗೆ ಅಷ್ಟು ಏಟು ಬಿದ್ದ ಹಾಗೆ ಕಾಣುವುದಿಲ್ಲ. ಅಲ್ಲಿ ಉಣ್ಣುವವರು ಕೋರ್ಟಿಗೆ ಬಂದವರು, ತಾಲ್ಲೂಕು ಆಫೀಸಿಗೆ ಬಂದವರು, ಸಂತೆಗೆ ಬಂದವರು. ಅವರಿಗೆ ಎಕ್ಸ್‌ಪ್ರೆಸ್‌ವೇ ಏನು ಮಾಡುತ್ತದೆ?

ಇಷ್ಟೆಲ್ಲ ಬರೆಯುವುದಕ್ಕೆ ನಿಜವಾದ ಕಾರಣ ಬೇರೆ ಇದೆ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅದರ ನಿಯಮಗಳಲ್ಲಿ ಮದ್ಯ, ತಂಬಾಕಿನ ಜೊತೆ ಮಾಂಸಾಹಾರವನ್ನೂ ಸೇರಿಸಿ ನಿಷೇಧ ಅಂತ ಬರೆದಿದ್ದರು. ಊರಿಗೂರೇ ಸಿಟ್ಟಾಯಿತು, ಬಾಡೂಟ ಬೇಕು ಅಂತ ಜನ ಬೀದಿಗೆ ಬಂದರು. ಹೊರಗಿನ ಕೆಲವರಿಗೆ ಅದು ತಮಾಷೆ ಅನ್ನಿಸಿತು. "ಸಾಹಿತ್ಯಕ್ಕೆ ಬಂದು ಬಾಡು ಕೇಳ್ತಾರೆ ನೋಡ್ರಿ" ಅಂದರು. ಮೂರು ದಿನ ಮಾಂಸ ಇಲ್ಲದೆ ಯಾರೂ ಸಾಯುವುದಿಲ್ಲ, ಅದು ನಮಗೂ ಗೊತ್ತು. ಆದರೆ ನಮ್ಮ ಮನೆಯಲ್ಲಿ ನೆಂಟರು ಬಂದಾಗ ಮರ್ಯಾದೆ ಮಾಡಿ ಬಡಿಸುವ ಊಟವನ್ನು ನಮ್ಮೂರಲ್ಲೇ ಬೀಡಿ, ಬ್ರಾಂದಿ ಜೊತೆ ಒಂದೇ ಸಾಲಿಗೆ ಸೇರಿಸಿದರೆ ಉರಿಯುವುದಿಲ್ವಾ?

ಅದಕ್ಕೇ ಆ ಫೇಮಸ್ ತಿಂಡಿಗಳ ಪಟ್ಟಿಯ ಬಗ್ಗೆ ನನಗೆ ತಕರಾರು. ನಿಯಮ ಬರೆದವರು ಆಕಾಶದಿಂದ ಇಳಿದು ಬರಲಿಲ್ಲ. ನಾವೇ ನೆಂಟರಿಗೆ ವಡೆ, ದೋಸೆ, ಪಾಕ್ ತೋರಿಸಿ, ಮುದ್ದೆ, ಬಾಡನ್ನು ಅಡುಗೆಮನೆಯಲ್ಲಿ ಬಿಟ್ಟು ಬಂದಿದ್ದೇವೆ. ಬೇರೆ ರಾಜ್ಯದಿಂದ ಬಂದ ಸಾಫ್ಟ್‌ವೇರ್ ಹುಡುಗರು ವರ್ಷಗಟ್ಟಲೆ ಮೈಸೂರಲ್ಲಿದ್ದು ಬಸ್ಸಾರಿನ ಹೆಸರೂ ಕೇಳದೆ ಹೋಗುತ್ತಾರೆ. ತಪ್ಪು ಅವರದ್ದಲ್ಲ.

ಮುಂದೆ ಯಾರಾದರೂ ಕೇಳಿದರೆ ನಾನು ಹೇಳುವುದು ಹೀಗೆ. ಬೆಳಗ್ಗೆ ದೋಸೆ ತಿನ್ನಿ, ಬೇಡ ಅನ್ನಲ್ಲ. ಮಧ್ಯಾಹ್ನ ಒಂದರೊಳಗೆ ಯಾವುದಾದರೂ ಮಿಲಿಟರಿ ಹೋಟೆಲ್ ಸೇರಿಕೊಳ್ಳಿ. ಸೋಮವಾರ, ಶನಿವಾರ ಬೇಡ. ಆ ದಿನ ನಮ್ಮಲ್ಲಿ ಬಹಳ ಜನ ಬಾಡು ಮುಟ್ಟುವುದಿಲ್ಲ, ಹಾಗಾಗಿ ಅಡುಗೆಯೂ ಕಡಿಮೆ. ಮುದ್ದೆ ಅಗಿಯಬೇಡಿ, ಮುರಿದು ಸಾರಲ್ಲಿ ಹೊರಳಿಸಿ ನುಂಗಿ. ಮಾಂಸ ತಿನ್ನದವರು ಸೊಪ್ಪಿನ ಸಾರು, ಮುದ್ದೆ ಇರುವ ಮೆಸ್ ಹುಡುಕಿ. ಬಸ್ ಸ್ಟ್ಯಾಂಡ್ ಹತ್ತಿರ ಕಂಡಕ್ಟರುಗಳನ್ನು ಕೇಳಿದರೆ ಸರಿಯಾದ ವಿಳಾಸ ಸಿಗುತ್ತದೆ. ಆಲೆಮನೆ ಬೆಲ್ಲ ಕೊಳ್ಳುವುದಾದರೆ ಚಿನ್ನದಂತೆ ಹೊಳೆಯುವ ಅಚ್ಚು ಬೇಡ, ಕಪ್ಪಗಿರುವುದು ತಗೊಳ್ಳಿ. ಹೊಳಪು ಬರಲೆಂದು ಹೈಡ್ರೋಸ್ ಅನ್ನುವ ಬಣ್ಣ ತಿಳಿಯಾಗಿಸುವ ರಾಸಾಯನಿಕ ಹಾಕುವವರಿದ್ದಾರೆ.

ಇನ್ನು ಯುಗಾದಿ ಮಾರನೇ ದಿನದ ಹೊಸತೊಡಕಿಗೆ ಬರುವವರಿದ್ದರೆ ಹೋಟೆಲ್ ಹುಡುಕುತ್ತಾ ಅಲೆಯಬೇಡಿ. ಅವತ್ತು ಬೆಳಕು ಹರಿಯುವ ಮುಂಚೆಯೇ ಮಟನ್ ಅಂಗಡಿ ಮುಂದೆ ಸಾಲು. ಹಳ್ಳಿಗಳಲ್ಲಿ ಹತ್ತಾರು ಮನೆಯವರು ವರ್ಷವಿಡೀ ಚೀಟಿ ಕಟ್ಟಿ, ಕುರಿ ತಂದು ಕೊಯ್ದು, ಎಲೆ ಹಾಸಿ ಗುಡ್ಡೆ ಗುಡ್ಡೆ ಮಾಡಿ ಸಮನಾಗಿ ಹಂಚಿಕೊಳ್ಳುತ್ತಾರೆ. ತೂಕದ ತಕ್ಕಡಿ ಇರಲ್ಲ, ತಲೆ, ಕಾಲು, ಬೋಟಿ ಎಲ್ಲದರಲ್ಲೂ ಪಾಲು. ಆ ಬಾಡಿನ ಸಾರು ಯಾವ ಹೋಟೆಲಲ್ಲೂ ಸಿಗಲ್ಲ. ಹದಿನೈದು ದಿನ ಮುಂಚೆಯೇ ಮಂಡ್ಯದ ಗೆಳೆಯರಿಗೊಂದು ಫೋನ್ ಹಾಕಿ, "ಈ ಸಲ ನಿಮ್ಮೂರಲ್ಲಿ ಗುಡ್ಡೆ ಬಾಡು ಹಾಕ್ತಾರಾ?" ಅಂತ ಕೇಳಿ. ಮಿಕ್ಕಿದ್ದು ಅವರೇ ನೋಡಿಕೊಳ್ಳುತ್ತಾರೆ.