ಮ್ಯಾಲಾರ್ಡ್ 203 ಕಿಮೀ ಮುಟ್ಟಿದ್ದು ನಿಜ, ಪ್ಯಾಸೆಂಜರ್ ಮಾತ್ರ ಇರ್ಲಿಲ್ಲ

ನೀಲಿ ಬಣ್ಣದ, ಮೂತಿ ಇಳಿಜಾರಾಗಿರೋ ಸ್ಟೀಮ್ ಇಂಜಿನ್ ಫೋಟೋ ಹಾಕಿ "1938ರಲ್ಲೇ ಇಂಗ್ಲೆಂಡ್ ಜನ ದಿನಾ ಗಂಟೆಗೆ 203 ಕಿಮೀ ಸ್ಪೀಡಲ್ಲಿ ಓಡಾಡ್ತಿದ್ರು" ಅಂತ ಒಂದು ಫಾರ್ವರ್ಡ್ ಸುತ್ತಾಡ್ತಿದೆ. ಅರ್ಧ ಸತ್ಯ ಅಷ್ಟೇ.

ಇಂಜಿನ್ ಮ್ಯಾಲಾರ್ಡ್, ಡಿಸೈನ್ ನೈಜೆಲ್ ಗ್ರೆಸ್ಲಿದು, 1938 ಜುಲೈ 3ಕ್ಕೆ ಆ ಸ್ಪೀಡ್ ಮುಟ್ಟಿದ್ದೂ ಹೌದು. ಆದ್ರೆ ಅದು ಟೆಸ್ಟ್ ರನ್ನು ಕಣ್ರೀ, ಹಿಂದೆ ಏಳು ಬೋಗಿ, ಅದ್ರಲ್ಲೊಂದು ಸ್ಪೀಡ್ ಅಳೆಯೋ ಡೈನಮೋಮೀಟರ್ ಕಾರು, ಒಳಗಿದ್ದೋರು ರೈಲ್ವೆಯೋರು ಮತ್ತೆ ಬ್ರೇಕ್ ಟೆಸ್ಟ್ ಮಾಡೋರು, ಟಿಕೆಟ್ ತಗೊಂಡೋರು ಒಬ್ರೂ ಇಲ್ಲ. ಸ್ಟೋಕ್ ಬ್ಯಾಂಕ್ ಅನ್ನೋ ಇಳಿಜಾರಲ್ಲಿ ಡ್ರೈವರ್ ಜೋ ಡಡಿಂಗ್ಟನ್ ಜೋರಾಗಿ ಓಡ್ಸಿದ್ದಕ್ಕೆ ಸ್ವಲ್ಪ ದೂರ ಮಾತ್ರ ಆ ಸ್ಪೀಡ್ ಸಿಕ್ತು, ಅಷ್ಟಕ್ಕೇ ಮಧ್ಯದ ಬಿಗ್ ಎಂಡ್ ಬೇರಿಂಗ್ (ಮಧ್ಯದ ಸಿಲಿಂಡರಿನ ರಾಡನ್ನ ಚಕ್ರದ ಅಚ್ಚಿಗೆ ಸೇರ್ಸೋ ಭಾಗ) ಕಾದು ಹಾಳಾಗಿ ಪೀಟರ್‌ಬರೋದಲ್ಲಿ ಇಂಜಿನ್ನೇ ಬದಲಾಯಿಸ್ಬೇಕಾಯ್ತು! ಇದನ್ನ ಮಾತ್ರ ಯಾರೂ ಫಾರ್ವರ್ಡ್ ಮಾಡಲ್ಲ.

ಜನ ನಿಜವಾಗ್ಲೂ ಕೂತು ಹೋಗ್ತಿದ್ದದ್ದು 1935ರಲ್ಲಿ ಶುರುವಾದ ಸಿಲ್ವರ್ ಜುಬಿಲಿ ಥರದ ರೈಲುಗಳಲ್ಲಿ. ಲಂಡನ್ನಿಂದ ನ್ಯೂಕಾಸಲ್‌ಗೆ ಸುಮಾರು 431 ಕಿಮೀ, ನಾಲ್ಕು ಗಂಟೆ, ಅಂದ್ರೆ ಸರಾಸರಿ 108ರ ಹತ್ರ. ಕಲ್ಲಿದ್ದಲು ಸುರಿದು ಓಡ್ಸೋ ಗಾಡಿಗೆ ಅದೇನು ಕಮ್ಮಿ ಅಲ್ಲ ಬಿಡಿ.

ಆಮೇಲೆ ಆ ಮೂತಿ ಬರೀ ಶೋಕಿಗೆ ಅಂತ ಬರ್ದಿರೋರಿಗೆ: ಅದು ಹೊಗೆ ಡ್ರೈವರ್ ಕಣ್ಣಿಗೆ ಅಡ್ಡ ಬರ್ದಂಗೆ ಮೇಲಕ್ಕೆ ಎತ್ತೋ ಕೆಲ್ಸಾನೂ ಮಾಡ್ತಿತ್ತು.