ಒಂದೇ ಅಕ್ಷರಕ್ಕೆ ಎಲ್ಲ ಮರ್ಯಾದೆ

ಲಿಸ್ಬನ್ನಿನ ಶಾಲೆಯೊಂದರಲ್ಲಿ ಹಾಜರಿ ಕರೆಯುತ್ತಿದ್ದರು. ನಾನು ಬಾಗಿಲ ಬಳಿ ನಿಂತಿದ್ದೆ. ಶಿಕ್ಷಕಿ 'ಸದಾನ' ಎಂದು ಕರೆದರು, ನನ್ನ ಮಗಳು ಕೈ ಎತ್ತಿದಳು. ಅವಳ ಹೆಸರು ಸಾಧನಾ. ಕರೆದವರ ಮೇಲೆ ನನಗೆ ಬೇಸರವಾಗಲಿಲ್ಲ. ಮಗು ಅಷ್ಟು ಸಲೀಸಾಗಿ ಓಗೊಟ್ಟಳಲ್ಲ, ಅದು ಚುಚ್ಚಿತು. ಮಹಾಪ್ರಾಣ ಹೋದದ್ದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಊರಿನಲ್ಲೂ ಅದು ಹೋಗುತ್ತಲೇ ಇದೆ. ಆದರೆ ಎರಡು ದೀರ್ಘಗಳು ಹೋಗಿ, ಇಲ್ಲದ ಕಡೆ ಒಂದು ದೀರ್ಘ ಬಂದು ಕೂತಿತ್ತು.

ಶಿಕ್ಷಕಿ ಮಾಡಿದ್ದು ಅವರ ಭಾಷೆಯ ನಿಯಮದಂತೆ ಸರಿಯೇ. ಪೋರ್ಚುಗೀಸ್ ಪದದಲ್ಲಿ ಒಂದು ಉಚ್ಚಾರಾಂಶವನ್ನು ಉಳಿದವಕ್ಕಿಂತ ಬಲವಾಗಿ ನುಡಿಯುತ್ತಾರೆ, ಅದೇ ಒತ್ತು. ಅದು ಬೀಳುವುದು ಕೊನೆಯ ಮೂರು ಉಚ್ಚಾರಾಂಶಗಳ ಪೈಕಿ ಒಂದರ ಮೇಲೆ. ಪದ 'ಅ'ದಲ್ಲಿ ಮುಗಿದರೆ ಸಾಮಾನ್ಯವಾಗಿ ಕೊನೆಯದಕ್ಕಿಂತ ಹಿಂದಿನದಕ್ಕೆ, 'ಲ್' ಅಥವಾ 'ರ್'ನಲ್ಲಿ ಮುಗಿದರೆ ಕೊನೆಯದಕ್ಕೆ. ನಾವು ಪೋರ್ಚುಗಲ್ ಎನ್ನುವ ದೇಶವನ್ನು ಇಲ್ಲಿಯವರು 'ಪುರ್ತುಗಾಲ್' ಎನ್ನುವುದು ಇದಕ್ಕಾಗಿಯೇ. ಸೆತೂಬಲ್ ಎಂಬ ಊರೂ 'ಲ್'ನಲ್ಲಿ ಮುಗಿಯುತ್ತದೆ, ಆದರೆ ಒತ್ತು ನಡುವಿನ 'ತೂ' ಮೇಲಿದೆ. ಆದ್ದರಿಂದ ಬರೆಯುವಾಗ ಅದರ ತಲೆಯ ಮೇಲೆ ಒಂದು ಗೀಟು ಎಳೆಯಲೇಬೇಕು.

ಮಗಳ ಹೆಸರಿನ ಮೊದಲ ಅಕ್ಷರಕ್ಕೂ ಅಂಥ ಗೀಟು ಹಾಕಿಬಿಡಿ ಎಂದು ಆ ಶಿಕ್ಷಕಿ ಅಕ್ಕರೆಯಿಂದಲೇ ಸೂಚಿಸಿದರು. ಗೀಟು ಹಾಕಿ ಓದಿಸಿದೆ. 'ಸಾದನ' ಎಂದರು. ಮೊದಲಿನ ದೀರ್ಘ ಬಂತು, ಕೊನೆಯದು ಇನ್ನಷ್ಟು ಮಸುಕಾಯಿತು. ಅವರ ಬರವಣಿಗೆಯಲ್ಲಿ ಇದಕ್ಕೆ ದಾರಿಯೇ ಇಲ್ಲ. ಇಂಥ ಪದಕ್ಕೆ ಒಂದೇ ಒತ್ತು, ಅದು ಬಿದ್ದ ಕಡೆ ಸ್ವರ ಅರಳುತ್ತದೆ, ಉಳಿದವು ಮುದುಡುತ್ತವೆ. ಒತ್ತಿಲ್ಲದ 'ಒ' ಇಲ್ಲಿ 'ಉ' ಆಗುತ್ತದೆ, 'ಎ' ಬಹುಪಾಲು ಕೇಳಿಸುವುದೇ ಇಲ್ಲ. ಟೆಲಿಫೋನನ್ನು ಅವರು ಹೇಳಿದರೆ 'ತ್ಲ್‌ಫೋನ್' ಎಂದಷ್ಟೇ ಕಿವಿಗೆ ಬೀಳುತ್ತದೆ. ಮೆಟ್ರೋದ ಹಸಿರು ಮಾರ್ಗದಲ್ಲಿ 'ಅಲ್ವಲಾದ್' ಎಂದು ಘೋಷಣೆ ಕೇಳುತ್ತದೆ, ಫಲಕದಲ್ಲಿ ಮಾತ್ರ ಕೊನೆಗೊಂದು 'ಎ' ಸುಮ್ಮನೆ ನಿಂತಿರುತ್ತದೆ. ಬ್ರೆಜಿಲಿನವರು ಇಷ್ಟು ನುಂಗುವುದಿಲ್ಲ. ಅಂಗಡಿಯಲ್ಲಿ ಬ್ರೆಜಿಲಿನ ಹುಡುಗಿಯರು ಮಾತಾಡಿದರೆ ನನಗೆ ಉಸಿರು ಬಂದ ಹಾಗಾಗುತ್ತದೆ.

ನಮ್ಮದು ಪಂಕ್ತಿಯೂಟ. ಯಾವ ಎಲೆಯನ್ನೂ ದಾಟಿ ಹೋಗುವಂತಿಲ್ಲ. ಎಂಟನೆಯ ತರಗತಿಯಲ್ಲಿ ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕುತ್ತ ಲಘು ಗುರು ಎಣಿಸಿದ ನಮಗೆ, ಯಾವ ಅಕ್ಷರ ದೊಡ್ಡದು ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಯಾವುದಕ್ಕೆ ಎಷ್ಟು ಮಾತ್ರೆ ಎಂಬುದಷ್ಟೇ ಪ್ರಶ್ನೆ. ಮರಿ ಬಂತು ಎನ್ನುವುದಕ್ಕೂ ಮಾರಿ ಬಂತು ಎನ್ನುವುದಕ್ಕೂ ಒಂದು ಮಾತ್ರೆಯ ಅಂತರ. ಒತ್ತನ್ನು ಎಲ್ಲಿ ಇಟ್ಟರೂ ಮರಿ ಮರಿಯೇ. ಪೋರ್ಚುಗೀಸಿನಲ್ಲಿ ಹಾಗಲ್ಲ. ಅದೇ ಅಕ್ಷರಗಳಿರುವ 'ಸಬಿಯ' ನಡುವೆ ಒತ್ತಿದರೆ 'ತಿಳಿದಿತ್ತು', ಮೊದಲು ಒತ್ತಿದರೆ 'ಜಾಣೆ', ಕೊನೆಗೆ ಒತ್ತಿದರೆ ಬ್ರೆಜಿಲಿನ ಒಂದು ಹಾಡುಹಕ್ಕಿ.

ಹಾಗಾದರೆ ಒತ್ತನ್ನು ಹಿಡಿಯುವುದರಲ್ಲಿ ಇವರ ಕಿವಿ ಬಲು ಚುರುಕಾಗಿರಬೇಕು ಎಂದು ನಾನೂ ನಂಬಿದ್ದೆ. ಲಿಸ್ಬನ್ನಿನ ಭಾಷಾವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನು ಹೇಳುತ್ತದೆ. ಅರ್ಥವಿಲ್ಲದ ಪದಗಳನ್ನು, ಯಾವ ಸ್ವರವನ್ನೂ ಮುದುಡದಂತೆ ಇಟ್ಟು, ಒತ್ತನ್ನಷ್ಟೇ ಬದಲಿಸಿ ಕೇಳಿಸಿದಾಗ ಇಲ್ಲಿಯವರು ತಡವರಿಸಿದರು. ಫ್ರೆಂಚರಲ್ಲಿ ಇಂಥ 'ಒತ್ತುಗಿವುಡು' ಇದೆ ಎಂದು 1997ರಲ್ಲೇ ಬರೆದಿದ್ದರು. ಫ್ರೆಂಚಿನಲ್ಲಿ ಒತ್ತಿನಿಂದ ಅರ್ಥ ಬದಲಾಗುವುದಿಲ್ಲವಾದ್ದರಿಂದ ಅದರಲ್ಲಿ ಅಚ್ಚರಿಯಿಲ್ಲ. ಪೋರ್ಚುಗೀಸಿನಲ್ಲಿ ಬದಲಾಗುತ್ತದೆ, ಆದರೂ ಹೀಗೆ. ಎಂದರೆ ಇವರ ಮನಸ್ಸು ಒತ್ತನ್ನು ಗುರುತಿಸುವುದಕ್ಕೆ ಉಳಿದ ಸ್ವರಗಳ ಮುದುಡುವಿಕೆಯನ್ನೇ ಬಹಳವಾಗಿ ನೆಚ್ಚಿಕೊಂಡಿದೆ. ಪಕ್ಕದವರು ಬಾಗಿದಾಗಲೇ ಇವರಿಗೆ ಯಜಮಾನ ಯಾರೆಂದು ತಿಳಿಯುವುದು. ಇದನ್ನು ಓದಿದ ದಿನ ನನಗೆ ಕನ್ನಡದ ಮೇಲಿನ ಅಭಿಮಾನ ಇನ್ನಷ್ಟು ಹೆಚ್ಚಿತು. ನಮ್ಮ ದೀರ್ಘ ತನ್ನ ಕಾಲ ಮೇಲೆ ತಾನೇ ನಿಲ್ಲುತ್ತದೆ, ಅದಕ್ಕಾಗಿ ನೆರೆಯ ಹ್ರಸ್ವ ಸಾಯಬೇಕಾಗಿಲ್ಲ.

ನಮ್ಮ ಕರಾವಳಿಯವರ ಕಿವಿಯನ್ನೂ ಇಲ್ಲಿ ನೆನೆಯಬೇಕು. ಗೋವೆಯ ಕಡೆಯಿಂದ, ಕೊಂಕಣಿ ಮರಾಠಿಗಳ ಬಾಯಿ ದಾಟಿ ಬಂದ ಪೋರ್ಚುಗೀಸ್ ಪದಗಳನ್ನು ನೋಡಿ: ಚಾವಿ, ಪಾದ್ರಿ, ಪಗಾರ, ಬಟಾಟೆ, ಜನೇಲು. ಮೂಲದಲ್ಲಿ ಒತ್ತು ಎಲ್ಲಿತ್ತೋ ಅಲ್ಲೇ ನಮ್ಮಲ್ಲಿ ದೀರ್ಘ ಬಂದು ಕೂತಿದೆ. ಒತ್ತು ಬಿದ್ದ ಸ್ವರ ತುಸು ಉದ್ದವಾಗುತ್ತದೆ ನಿಜ. ಆ ಉದ್ದವನ್ನೇ ನಮ್ಮವರು ಹಿಡಿದು ಪೂರ್ತಿ ಎರಡು ಮಾತ್ರೆ ಮಾಡಿದರು. ನನ್ನ ಮಗಳ 'ಸದಾನ'ದಲ್ಲಿ ನನಗೆ ಕೇಳಿಸಿದ 'ದಾ' ಕೂಡ ಇದೇ ಬಗೆಯದು. ಶಿಕ್ಷಕಿ ಒತ್ತು ಕೊಟ್ಟರು, ನಾನು ದೀರ್ಘ ಕೇಳಿಸಿಕೊಂಡೆ. ಅನಾನಸು ಮಾತ್ರ ಈ ಲೆಕ್ಕಕ್ಕೆ ಒಗ್ಗುವುದಿಲ್ಲ. ಅವರು ಅದನ್ನು ಕೊನೆಯಲ್ಲಿ ಒತ್ತುತ್ತಾರೆ, ನಾವು ನಡುವೆ ಎಳೆಯುತ್ತೇವೆ.

ಇನ್ನೂ ಒಂದನ್ನು ಒಪ್ಪಬೇಕು. 'ಕುಳಿತುಕೊಳ್ಳಿ' ಎಂದು ನಮ್ಮಲ್ಲಿ ಪೂರ್ತಿಯಾಗಿ ಹೇಳುವವರು ಎಷ್ಟು ಜನ? ಮಾತಿನಲ್ಲಿ ಅದು 'ಕೂತ್ಕೊಳಿ' ಆಗಿ ಯಾವ ಕಾಲವಾಯಿತು! ಹ್ರಸ್ವಗಳನ್ನು ನಾವೂ ನುಂಗುತ್ತೇವೆ, ಎಲ್ಲಿ ನುಂಗಬೇಕೆಂದು ಯಾವ ಶಾಲೆಯಲ್ಲೂ ಕಲಿಸುವುದಿಲ್ಲ. ಇವರ ಗೀಟು ಆ ಮಟ್ಟಿಗೆ ಪ್ರಾಮಾಣಿಕವಾದದ್ದು. ಹಿಂದೆಂದೂ ಕೇಳದ ಪದವನ್ನೂ ಪತ್ರಿಕೆಯಲ್ಲಿ ನೋಡಿ ಎಲ್ಲಿ ಒತ್ತಬೇಕೆಂದು ತಿಳಿಯಬಹುದು. ನಾವು ಇಷ್ಟು ಹಚ್ಚಿಕೊಂಡಿರುವ ಇಂಗ್ಲಿಷಿನಲ್ಲಿ ಆ ಅನುಕೂಲವೂ ಇಲ್ಲ.

ಆದರೂ ಹೊರನಾಡಿನಲ್ಲಿ ಮಕ್ಕಳಿಗೆ ಭಾನುವಾರದ ಕನ್ನಡ ಪಾಠ ಮಾಡುವವರಲ್ಲಿ ನನ್ನದೊಂದು ಕೋರಿಕೆ ಇದೆ. ವರ್ಣಮಾಲೆಯ ಪಟ ಬಿಡಿಸುವ ಮೊದಲು ಕಿವಿಗೆ ಮಾತ್ರೆ ಕಲಿಸಿ. ಬಳೆ ಬಾಳೆ, ಹಳೆ ಹಾಳೆ ಎಂದು ಜೋಡಿ ಜೋಡಿಯಾಗಿ ಹೇಳಿಸಿ, ದೀರ್ಘಕ್ಕೊಮ್ಮೆ ಚಪ್ಪಾಳೆ ಹಾಕಿಸಿ. ಬರೆಯುವುದನ್ನು ಹತ್ತು ವರ್ಷದ ಮೇಲೂ ಕಲಿಯುತ್ತಾರೆ, ಕಿವಿ ಅಷ್ಟು ದಿನ ಕಾಯುವುದಿಲ್ಲ.