ವಾಂಖೆಡೆಯಲ್ಲಿ ಸರಿ, ಓಬವ್ವನಲ್ಲಿ?

ಮುಂಬಯಿಯಲ್ಲಿ ‘ವಾಂಖೆಡೆ’ ಅಂದರೆ ಸಾಕು, ಸ್ಟೇಡಿಯಂ ಎಂದು ಬಿಡಿಸಿ ಹೇಳಬೇಕಿಲ್ಲ. ಚಿತ್ರದುರ್ಗದಲ್ಲಿ ಇದು ತಿರುವುಮುರುವು. ಒನಕೆ ಓಬವ್ವ ಕ್ರೀಡಾಂಗಣಕ್ಕೆ ಹೊರಟವರ ಬಾಯಲ್ಲಿ ಬರುವುದು ‘ಸ್ಟೇಡಿಯಂ ಕಡೆ ಹೋಗಿ ಬರ್ತೀನಿ’. ಅಲ್ಲಿ ಸ್ಟೇಡಿಯಂ ಉದುರಿತು, ಇಲ್ಲಿ ಓಬವ್ವ.

ದುರ್ಗದವರಿಗೆ ಅಭಿಮಾನ ಕಮ್ಮಿ ಅಂತ ಇದಕ್ಕೆ ಅರ್ಥ ಹಚ್ಚಬೇಕಿಲ್ಲ. ಚರ್ಚ್‌ಗೇಟಿನಲ್ಲಿ ಇಳಿದರೆ ಕಾಲ್ನಡಿಗೆಯಲ್ಲೇ ಎರಡು ಸ್ಟೇಡಿಯಂ ಸಿಗುತ್ತವೆ; ಯಾವುದು ಅಂತ ಹೇಳದೆ ವಿಧಿಯಿಲ್ಲ. 1937ರ ಬ್ರೇಬೋರ್ನಿಗೆ ಗವರ್ನರನ ಹೆಸರು. ಅದರ ಒಡೆತನ ಹೊಂದಿದ್ದ ಕ್ಲಬ್ಬಿಗೂ ಮುಂಬಯಿಯ ಕ್ರಿಕೆಟ್ ಸಂಸ್ಥೆಗೂ ಟಿಕೆಟ್ ಹಂಚಿಕೆಯಲ್ಲಿ ಕಿತ್ತಾಟವಾಗಿ ಎದ್ದದ್ದು ವಾಂಖೆಡೆ. ಸಂಸ್ಥೆಯ ಅಧ್ಯಕ್ಷರ ಹೆಸರನ್ನೇ ಇಟ್ಟರು, 1975ರ ಜನವರಿಯಲ್ಲಿ ಮೊದಲ ಟೆಸ್ಟ್ ನಡೆಯಿತು. ಮರೀನ್ ಡ್ರೈವ್ ಮೇಲೆ ಪಾರ್ಸಿ, ಇಸ್ಲಾಂ, ಹಿಂದೂ ಜಿಮ್ಖಾನಾಗಳ ಸಾಲೇ ಇದೆ. ಧರ್ಮವಾರು ತಂಡ ಕಟ್ಟಿ ಆಡುತ್ತಿದ್ದ ಪಂದ್ಯಾವಳಿ 1946ಕ್ಕೆ ನಿಂತುಹೋದರೂ ಹೆಸರುಗಳು ಅಲ್ಲಾಡಿಲ್ಲ.

ಅಧಿಕಾರ, ದುಡ್ಡು, ಪಂಗಡ: ಮುಂಬಯಿ ಹೆಸರುಗಳ ಬೇರು ಇಲ್ಲಿದೆ. ದುರ್ಗದ ಹೆಸರಿಗೆ ಇದಾವುದರ ಬಲವೂ ಇಲ್ಲ. ಕೋಟೆ ಕಾಯುತ್ತಿದ್ದ ಕಹಳೆ ಮುದ್ದಹನುಮನ ಹೆಂಡತಿ, ಛಲವಾದಿ ಹೆಣ್ಣುಮಗಳು, ಕೈಯಲ್ಲಿ ಭತ್ತ ಕುಟ್ಟುವ ಒನಕೆ. ಕಿಂಡಿಯಲ್ಲಿ ಒಮ್ಮೆಗೆ ಒಬ್ಬನೇ ತೂರಬೇಕು, ಅದೂ ತಲೆ ಮುಂದಾಗಿ. ಹೈದರನ ಸೈನಿಕರ ಎಣಿಕೆ ಅಲ್ಲಿ ಕೆಲಸಕ್ಕೆ ಬರಲಿಲ್ಲ. 1779ರಲ್ಲಿ ಕೋಟೆ ಹೈದರನ ಪಾಲಾಯಿತು ನಿಜ. ಆದರೂ ಮಕ್ಕಳು ಓಡುವ ಬಯಲಿಗೆ ಊರು ಇಟ್ಟದ್ದು ಕಾವಲುಗಾರನ ಹೆಂಡತಿಯ ಹೆಸರನ್ನು, ಅದೂ ಒನಕೆ ಸಮೇತ!

ಹಾಗಿದ್ದರೆ ಆ ಹೆಸರು ನಾಲಿಗೆಗೆ ಏಕೆ ಬರುವುದಿಲ್ಲ? ಊರಿಗೊಂದೇ ಸ್ಟೇಡಿಯಂ ಅನ್ನುವುದು ಒಂದು ಕಾರಣ. ‘ಹಳೇ ಮಾಧ್ಯಮಿಕ ಶಾಲಾ ಮೈದಾನ’ ಎಷ್ಟು ಉದ್ದವಿದ್ದರೂ ದುರ್ಗದವರು ಪೂರ್ತಿ ಹೇಳುತ್ತಾರೆ, ದಾವಣಗೆರೆಯವರು ‘ಹೈಸ್ಕೂಲ್ ಮೈದಾನ’ ಅನ್ನುತ್ತಾರೆ. ಬರೀ ‘ಮೈದಾನ’ ಅಂದರೆ ಯಾವುದು ಅಂತ ಕೇಳುತ್ತಾರಲ್ಲ. ಇನ್ನೊಂದು ಕಾರಣ ವ್ಯಾಕರಣದ್ದು, ನನಗೆ ಇದೇ ದೊಡ್ಡದು. ‘ವಾಂಖೆಡೆಯಲ್ಲಿ ಮ್ಯಾಚು’, ‘ಕಂಠೀರವದಲ್ಲಿ ಓಟ’ ಸಲೀಸು. ‘ಓಬವ್ವನಲ್ಲಿ ಕಬಡ್ಡಿ’ ಅಂದು ನೋಡಿ. ಅವ್ವ ಅಂದಕೂಡಲೇ ಅದು ಜಾಗವಾಗಲು ಒಪ್ಪುವುದಿಲ್ಲ, ಆಕೆಯೇ ಎದುರು ನಿಂತಂತೆ. ಮುಂದೆ ‘ವೀರವನಿತೆ’ ಸೇರಿಸಿದರೆ ಗೌರವ ಹೆಚ್ಚೀತು, ಹೆಸರು ಮಾತ್ರ ಫಲಕದಿಂದ ಕೆಳಗಿಳಿಯದು.

ಜನ ಇದಕ್ಕೆ ಪರಿಹಾರವನ್ನು ಬೆಟ್ಟದ ಮೇಲೆ ಎಂದೋ ಕಂಡುಕೊಂಡಿದ್ದಾರೆ. ‘ಓಬವ್ವನ ಕಿಂಡಿ’. ಎರಡೇ ಪದ, ನಡುವೆ ಒಂದು ‘ನ’. ‘ಓಬವ್ವನ ಬಯಲು’ ಅಂತ ಪ್ರಮಾಣಪತ್ರದಲ್ಲಿ, ಪಂದ್ಯದ ಕರಪತ್ರದಲ್ಲಿ, ಮೈಕಿನಲ್ಲಿ ಹೇಳಿ ನೋಡಲಿ. ಆಟೋದವರು ಒಂದು ವರ್ಷದಲ್ಲಿ ಕಲಿತಾರು.